ಸರ್ಟಿಫಿಕೇಟಿನ ಬೆನ್ನು

ನಾನು ನಿವೃತ್ತನಾದಾಗ ನನಗೆ ಮೂವತ್ತನಾಲ್ಕು ವರ್ಷ. ಕಣ್ಣಿಗೆ ಪೊರೆ ಬಂದಿರಲಿಲ್ಲ, ಮಂಡಿ ಹಿಡಿದಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಆದರೂ ಶಾಲು ಹೊದಿಸಿ, ಹಾರ ಹಾಕಿ, ಮೋಸಂಬಿ ಬುಟ್ಟಿ ಕೈಗೆ ಕೊಟ್ಟು ಕಳಿಸಿದರು. ಸಂಗತಿ ಇಷ್ಟೇ. ನಮ್ಮ ಯಜಮಾನರಾದ ಖಲೀಲ್ ಸಾಹೇಬರು ಎಪ್ಪತ್ತೆರಡು ತುಂಬಿದ ದಿನ ಕೆಲಸ ಸಾಕು ಎಂದರು. ಅವರಿಗೆಂದು ತಂದ ಹಾರ ಎರಡಾದವು. ಹೆಚ್ಚಾದದ್ದು ಬಾಡಿಹೋಗುತ್ತದಲ್ಲ ಎಂದು ನನ್ನ ಕೊರಳಿಗೆ ಹಾಕಿದರು. ಹಾರ ಬಿದ್ದ ಮೇಲೆ ಮರುದಿನ ಕೆಲಸಕ್ಕೆ ಹೋಗುವುದು ಮರ್ಯಾದೆಯಲ್ಲ, ಹಾಗಾಗಿ ನಾನೂ ನಿವೃತ್ತ. ಈಗ ಮದುವೆ ಮನೆಗಳಲ್ಲಿ ಮೈಕು ಹಿಡಿದು ಹತ್ತಾರು ಜನರ ದನಿ ಅಣಕಿಸಿ ಊಟ ಮಾಡಿಕೊಂಡು ಬರುತ್ತೇನೆ.

ಬೀಳ್ಕೊಡುಗೆಯ ದಿನ ಇನ್ನೊಂದು ವಸ್ತುವನ್ನೂ ಕೊಟ್ಟರು. ಅದರ ವಿಷಯ ಕೊನೆಗೆ.

ಸಾಹೇಬರ ಕುರ್ಚಿಯಲ್ಲಿ ಈಗ ಅವರ ತಂಗಿಯ ಮಗಳು ನಾಜಿಮಾ ಕೂತಿದ್ದಾಳೆ. ಅವಳು ಇಬ್ಬರು ಹೊಸಬರನ್ನು ಸೇರಿಸಿಕೊಂಡಿದ್ದಾಳೆ. "ಸಿದ್ದರಾಜಣ್ಣ, ಈ ಕೆಲಸ ನಿಜವಾಗಿ ಹೆಂಗಿರುತ್ತೆ ಅಂತ ಇವರಿಗೆ ಬರೆದುಕೊಡಿ. ನಿಮ್ಮ ತಲೆಹರಟೆ ಬೇಡ, ಕೆಲಸ ಬರೀರಿ" ಎಂದಳು. ತಲೆಹರಟೆ ಬಿಟ್ಟರೆ ನನ್ನ ಹದಿಮೂರು ವರ್ಷದಲ್ಲಿ ಉಳಿಯುವುದು ಬರೀ ಗೋಂದು ಮತ್ತು ಸ್ಟೇಪ್ಲರ್. ಆದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೆಲಸ ಏನೆಂದರೆ, ಗಲ್ಫ್ ದೇಶಗಳಿಗೆ ದುಡಿಯಲು ಹೋಗುವವರ ಕಾಗದಪತ್ರಗಳನ್ನು ಅಲ್ಲಿಯವರು ಒಪ್ಪುವಂತೆ ಮಾಡಿಕೊಡುವುದು. ಡಿಗ್ರಿ ಸರ್ಟಿಫಿಕೇಟು, ಮದುವೆ ನೋಂದಣಿ, ಮಕ್ಕಳ ಜನನ ಪತ್ರ. ಮೊದಲು ನೋಟರಿ ರುಜು. ಆ ರುಜು ನಿಜ ಎನ್ನುವುದಕ್ಕೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮುದ್ರೆ. ಆ ಮುದ್ರೆ ನಿಜ ಎನ್ನುವುದಕ್ಕೆ ದೆಹಲಿಯ ವಿದೇಶಾಂಗ ಇಲಾಖೆ. ಅದು ನಿಜ ಎನ್ನುವುದಕ್ಕೆ ಆ ದೇಶದ ರಾಯಭಾರ ಕಚೇರಿ. ನಮ್ಮ ಕಡೆ ಹೆಣ್ಣು ವಿಚಾರಿಸುವ ಹಾಗೆಯೇ ಇದು. ಹುಡುಗಿ ನಮಗೆ ಗೊತ್ತಿಲ್ಲ, ಆದರೆ ಅವರ ಸೋದರಮಾವ ಗೊತ್ತು, ಸೋದರಮಾವನ ಬಗ್ಗೆ ನಮ್ಮ ಭಾವ ಹೇಳುತ್ತಾರೆ, ಭಾವನನ್ನು ನಂಬದೆ ಇರುವುದಕ್ಕಾಗುತ್ತದೆಯೇ? ಒಬ್ಬೊಬ್ಬರೂ ತಮ್ಮ ಹಿಂದಿನವರ ರುಜು ಸರಿ ಎಂದಷ್ಟೇ ಹೇಳುತ್ತಾರೆ. ಹೀಗೆ ನಂಬಿಕೆಯ ಮೇಲೆ ನಂಬಿಕೆ ಪೇರಿಸಿಕೊಂಡು ಕಾಗದ ಸಮುದ್ರ ದಾಟುತ್ತದೆ. ಈಗ ಕೆಲವು ದೇಶಗಳಿಗೆ ದೆಹಲಿಯ ಒಂದೇ ಚೀಟಿ ಸಾಕು. ಅದರ ಮೇಲಿನ ಕ್ಯೂಆರ್ ಚೌಕವನ್ನು ಫೋನಿಗೆ ತೋರಿಸಿದರೆ ಮುಗಿಯಿತು. ಕುವೈತಿನಂಥ ಕಡೆಗೆ ಮಾತ್ರ ಹಳೆಯ ದಾರಿಯೇ.

ಹೊಸಬರು ಒಂದು ಮಾತು ಗಟ್ಟಿಮಾಡಿಕೊಳ್ಳಿ. ಈ ಮುದ್ರೆಗಳೆಲ್ಲ ಬೀಳುವುದು ಮೂಲಪ್ರತಿಯ ಬೆನ್ನಿನ ಮೇಲೆ. ಮುಂಭಾಗ ನೋಡಿ ಹಿಗ್ಗುವವರು ಅಪ್ಪ ಅಮ್ಮ. ಬೆನ್ನು ನೋಡಿ ಕೆಲಸ ಕೊಡುವವರು ಕುವೈತಿನವರು.

ಸಾಹೇಬರು ಮೊದಲು ಶಾಲೆಯಲ್ಲಿ ಅರಬ್ಬಿ, ಉರ್ದು ಕಲಿಸುತ್ತಿದ್ದವರು. ನಮ್ಮ ಅಂಗಡಿ ಎಂದರೆ ಮಂಡ್ಯದ ಗುತ್ತಲು ರಸ್ತೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ, ಎರಡು ಮೇಜು, ನಿಂತರೂ ನಡೆದರೂ ಒಂದೇ ಸದ್ದು ಮಾಡುವ ಫ್ಯಾನು. ಕಾಗದದಲ್ಲಿ ಏನಿದೆಯೋ ಅಷ್ಟನ್ನೂ ಅವರು ಅರಬ್ಬಿಗೆ ತರುತ್ತಿದ್ದರು. ಮಸುಕಾದ ಮುದ್ರೆ ಇದ್ದರೆ "ಇಲ್ಲೊಂದು ದುಂಡು ಮುದ್ರೆ, ಓದಲಾಗದು" ಎಂದೂ ಬರೆಯುತ್ತಿದ್ದರು. ಮದ್ದೂರಿನ ಒಬ್ಬಾಕೆ ಆಯುಧಪೂಜೆಯಲ್ಲಿ ಮದುವೆ ಸರ್ಟಿಫಿಕೇಟಿಗೂ ಕುಂಕುಮ ಇಟ್ಟು ಪೂಜೆ ಮಾಡಿದ್ದಳು. ಗಂಡನ ಹತ್ತಿರಕ್ಕೆ ದುಬೈಗೆ ಹೋಗಬೇಕಿತ್ತು. ಸಾಹೇಬರು ಅಳಿಸಲಿಲ್ಲ, ಬೈಯಲೂ ಇಲ್ಲ. ಅನುವಾದದಲ್ಲಿ ಬರೆದರು: "ಬಲಮೂಲೆಯಲ್ಲಿ ಕೆಂಪು ಕಲೆ, ಬರಹಕ್ಕೆ ಅಡ್ಡಿಯಿಲ್ಲ." ದಾಂಪತ್ಯದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಯಾವ ಮದುವೆ ಮನೆಯಲ್ಲೂ ಕೇಳಿಲ್ಲ.

ಏನು ಕೇಳಿದರೂ ಸಾಹೇಬರ ಉತ್ತರ "ಆರಾಮಾಗಿ, ಆರಾಮಾಗಿ". ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರಿಲ್ಲದಾಗ ಕನ್ನಡಕ ತೆಗೆದು ಒರೆಸುತ್ತ ಅವರ ಹಾಗೆ ಮಾಡಿ ತೋರಿಸುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಹೇಬರು. ಪ್ರಾಣ ಹೋಯಿತು ಅಂದುಕೊಂಡೆ. ಅವರು ಗಂಭೀರವಾಗಿ, "ಸರಿ ಬರ್ಲಿಲ್ಲಪ್ಪಾ. ಕನ್ನಡಕ ಒರೆಸಿದ ಮೇಲೆ ನಾನು ಒಂದು ಉಸಿರು ಬಿಡ್ತೀನಿ. ಅದನ್ನ ಬಿಟ್ಬುಟ್ಟೆ ನೀನು" ಎಂದರು. ಮರುದಿನದಿಂದ ಉಸಿರೂ ಸೇರಿತು. ಆಮೇಲಾಮೇಲೆ ಅವರ ಹೆಂಡತಿ ಫೋನು ಮಾಡಿದರೂ ಗುರುತು ಹಿಡಿಯಲಾರದಷ್ಟು ಪಳಗಿದೆ. ನನಗೆ ಆ ಕೊಬ್ಬಿತ್ತು. ಈ ಬರಹದ ಅರ್ಧ ಆ ಕೊಬ್ಬಿನ ಕಥೆಯೇ.

ನನ್ನ ತಪ್ಪುಗಳ ಪಟ್ಟಿ ಉದ್ದವಿದೆ, ಎರಡನ್ನು ಮಾತ್ರ ಹೇಳುತ್ತೇನೆ. ಅರಬ್ಬಿ ಬಲದಿಂದ ಎಡಕ್ಕೆ ಎಂದು ಗೊತ್ತಿದ್ದೂ ಒಂದು ಇಡೀ ತಿಂಗಳು ಅನುವಾದದ ಹಾಳೆಗಳನ್ನು ಕನ್ನಡ ಪುಸ್ತಕದ ಹಾಗೆ ಎಡಬದಿಗೆ ಪಿನ್ನು ಹೊಡೆದು ಕಳಿಸಿದೆ. ಮಕ್ಕಳು ಮೊದಲು ಹುಟ್ಟಿ, ಆಮೇಲೆ ಮದುವೆಯಾಗಿ, ಕೊನೆಯಲ್ಲಿ ಅಪ್ಪ ಅಮ್ಮನ ಹೆಸರು ಬರುತ್ತಿತ್ತು.

ಎರಡನೆಯದು ನಗುವಂಥದ್ದಲ್ಲ. ಮದ್ದೂರಿನ ಒಬ್ಬ ವೆಲ್ಡರ್ ತನ್ನ ಐಟಿಐ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲುವುದಿಲ್ಲ, ಕಚೇರಿಗಳು ಮುಟ್ಟುವುದೂ ಇಲ್ಲ. "ಬಿಡಿಸ್ಕೊಡ್ತೀನಿ ಬುಡು, ಅದೇನು ಬ್ರಹ್ಮವಿದ್ಯೆನಾ?" ಎಂದು ತಲೆಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ ಮುಂಭಾಗದ ಪ್ಲಾಸ್ಟಿಕ್ ಎಳೆದೆ. ಅಕ್ಷರಗಳೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದು ಬಂದವು. ಕೈಯಲ್ಲಿ ಉಳಿದದ್ದು ಬಿಳಿ ಹಾಳೆ ಮತ್ತು ಪ್ರಾಂಶುಪಾಲರ ಹಸಿರು ರುಜು. ನಕಲು ಪ್ರತಿಗೆ ಪೊಲೀಸು ದೂರು, ಪ್ರಮಾಣಪತ್ರ, ಪತ್ರಿಕೆ ಪ್ರಕಟಣೆ ಎಂದು ತಿಂಗಳುಗಟ್ಟಲೆ ಓಡಾಡಿದೆ. ಅಷ್ಟರಲ್ಲಿ ಆ ಕೆಲಸ ಬೇರೆಯವನ ಪಾಲಾಗಿತ್ತು. ಅವನು ಮರುವರ್ಷ ಹೇಗೋ ಹೋದ. ಈಗಲೂ ರಜಕ್ಕೆ ಬಂದಾಗ ಫೋನು ಮಾಡಿ ನನ್ನ ವಂಶವನ್ನು ವಿಚಾರಿಸಿಕೊಳ್ಳುತ್ತಾನೆ. ಅಂದಿನಿಂದ ನಾನು ಲ್ಯಾಮಿನೇಷನ್ ಮುಟ್ಟಲಿಲ್ಲ.

ಪವಿತ್ರ ಬಂದಾಗ ಅದರ ಮುಂದೆ ಮತ್ತೆ ಕೂರಲೇಬೇಕಾಯಿತು.

ಪವಿತ್ರ ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಊರು ಶಿವನಸಮುದ್ರ. ಕುವೈತಿನ ಆಸ್ಪತ್ರೆಯ ಕೆಲಸಕ್ಕೆ ಎರಡು ಸಲ ಸಂದರ್ಶನ ಕೊಟ್ಟು ಕೂದಲೆಳೆಯಲ್ಲಿ ಕಳೆದುಕೊಂಡಿದ್ದಳು. ಮೂರನೆಯ ಸಲ ಆಯ್ಕೆಯಾದಳು. ಅದೇ ಕೊನೆಯದು, ಏಕೆಂದರೆ ಅವರು ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ಇವಳಿಗೆ ಮೂವತ್ತೈದು ತುಂಬುವುದಕ್ಕೆ ನಾಲ್ಕು ತಿಂಗಳು ಬಾಕಿ. ಎಲ್ಲ ಮುದ್ರೆ ಬಿದ್ದ ಡಿಗ್ರಿ ಸರ್ಟಿಫಿಕೇಟು ತಿಂಗಳ ಕೊನೆಯೊಳಗೆ ತೋರಿಸದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಜಾಗ ಹೋಗುತ್ತದೆ. ಅವಳು ಚೀಲದಿಂದ ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟಳು. ಟಕ್ ಎಂದು ಸದ್ದಾಯಿತು. ಕಾಗದ ಸದ್ದು ಮಾಡಬಾರದು. ಇದು ಹಲಗೆಯ ಹಾಗೆ ಕೂತಿತು.

"ಯಾರಮ್ಮಾ ಇದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದು?" ಎಂದರು ಸಾಹೇಬರು.

"ನಮ್ಮಪ್ಪ ಸಾರ್. ಕೈಗೆ ಬಂದ ದಿನಾನೇ ಮಳವಳ್ಳಿಗೆ ಹೋಗಿ ಹಾಕ್ಸ್ಕೊಂಡು ಬಂದ್ರು."

ಅವಳ ಅಪ್ಪ ಮಾದೇಗೌಡರು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆ ನದಿಯ ಪಕ್ಕ. ವರ್ಷವಿಡೀ ತೇವ, ಗೋಡೆ ಮುಟ್ಟಿದರೆ ಬೆರಳು ಒದ್ದೆ. ಅವರ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಟ್ರಂಕಿನಲ್ಲೇ ಬೂಷ್ಟು ತಿಂದುಹಾಕಿತ್ತಂತೆ. ಅಂದಿನಿಂದ ಮನೆಯ ಯಾವ ಕಾಗದವೂ ಪ್ಲಾಸ್ಟಿಕ್ ಇಲ್ಲದೆ ಉಳಿದಿರಲಿಲ್ಲ.

"ಇದರಿಂದ ತೊಂದ್ರೆ ಆಗಿದೆ ಅಂತ ಅಪ್ಪಂಗೆ ಗೊತ್ತಾಗ್ಬಾರ್ದು ಸಾರ್," ಎಂದಳು ಪವಿತ್ರ. "ನನ್ನನ್ನ ಓದ್ಸಿದ್ದೇ ಅವರು. ಅವರಿಂದಾನೇ ತಪ್ಪೋಯ್ತು ಅಂದ್ರೆ ತಡ್ಕೊಳಲ್ಲ."

ಸಾಹೇಬರು ಯೋಚಿಸಿ ಒಂದು ದಾರಿ ಹೇಳಿದರು. ಮುಂಭಾಗದ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಬೇಡ. ಬೆನ್ನಿನ ಮೇಲೆ ಅಕ್ಷರವಿಲ್ಲ, ಹಾಗಾಗಿ ಬೆನ್ನಿನದನ್ನಷ್ಟೇ ಬಿಡಿಸಿದರೆ ಸಾಕು, ಮುದ್ರೆ ಬೀಳುವುದು ಅಲ್ಲೇ ತಾನೆ? ಆದರೆ ಕಾಗದ ಹರಿದು ತೂತು ಬಿದ್ದರೆ ಮುಗಿಯಿತು. ನಕಲು ಪ್ರತಿ ಬರುವಷ್ಟರಲ್ಲಿ ಅವಳಿಗೆ ಮೂವತ್ತೈದು ದಾಟಿರುತ್ತದೆ.

ಬಿಡಿಸುವವರು ಯಾರು? ಸಾಹೇಬರ ಕೈ ನಡುಗುತ್ತದೆ. ನಾನು ವೆಲ್ಡರ್‌ನನ್ನು ನೆನೆದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನಮ್ಮ ಮೆಟ್ಟಿಲ ಕೆಳಗೆ ಚಿಕ್ಕತಾಯಕ್ಕ ಇದ್ದಿಲಿನ ಪೆಟ್ಟಿಗೆ ಇಟ್ಟುಕೊಂಡು ಇಸ್ತ್ರಿ ಮಾಡುತ್ತಾಳೆ. ರೇಷ್ಮೆ ಸೀರೆಯ ಜರಿ ಸುಡದಂತೆ ಕಾವು ಹಿಡಿಯುವುದರಲ್ಲಿ ಈ ರಸ್ತೆಗೇ ಅವಳೊಬ್ಬಳೇ. ಅವಳನ್ನು ಕೇಳಿದೆ.

"ವೋಗ್ಲಾ ಕ್ವಾತಿ," ಎಂದಳು. ನನ್ನ ನಿಜವಾದ ಹೆಸರು ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ಸೀರೆ ಸುಟ್ರೆ ಇನ್ನೊಂದ್ ಸೀರೆ ತಕ್ಕೊಡ್ಬೋದು. ಆ ಮಗೀನ ಓದ ಎಲ್ಲಿಂದ ತರ್ಲಿ? ನನ್ ಕೈಲಿ ಆಗಾಕಿಲ್ಲ ಕಣ್ಲಾ."

ಹೀಗೆ ಮೂರು ದಿನ ಸರ್ಟಿಫಿಕೇಟು ಬೀರುವಿನಲ್ಲೇ ಕೂತಿತು. ಮಾದೇಗೌಡರು ಮಾತ್ರ ದಿನವೂ ಸಂಜೆ ಐದಕ್ಕೆ ಸರಿಯಾಗಿ ಫೋನು ಮಾಡುತ್ತಿದ್ದರು. ಕೇಂದ್ರದ ಪಾಳಿಯ ಸಮಯ ಅವರ ಮೈಯಿಂದ ಇನ್ನೂ ಇಳಿದಿರಲಿಲ್ಲ.

"ಸಾಹೇಬ್ರೇ, ಎಲ್ಲಿಗ್ ಬಂತು ನಮ್ ಮಗಳ ಕಾಗ್ದ? ಮಳೆಗಿಳೆ ಅಂತ ಎದ್ರಬ್ಯಾಡಿ. ನಾನು ಆಕ್ಸಿರದು ದಪ್ಪನ್ ಪ್ಲಾಸ್ಟಿಕ್ಕು. ಒಳೇಲಿ ಬಿದ್ರೂ ತೇಲ್ಕೊಂಡು ಬತ್ತದೆ."

ಮೂರನೆಯ ದಿನ ಸಾಹೇಬರು ನಮಾಜಿಗೆ ಹೋಗಿದ್ದರು. ಫೋನು ಎತ್ತಿದವನು ನಾನು. ನಿಜ ಹೇಳುವಂತಿಲ್ಲ, ಪವಿತ್ರಳ ಮಾತಿದೆ. "ನಾಳೆ ಮಾಡಿ" ಎಂದಿದ್ದರೆ ಸಾಕಿತ್ತು. ನಾನು ಕನ್ನಡಕ ಒರೆಸಿದ ಹಾಗೆ ಒಂದು ಉಸಿರು ಬಿಟ್ಟು, ಸಾಹೇಬರ ದನಿಯಲ್ಲಿ, "ಆರಾಮಾಗಿ ಗೌಡ್ರೇ, ಆರಾಮಾಗಿ. ದೆಹಲಿಗೆ ಹೋಗಿದೆ. ಇನ್ನೊಂದು ವಾರದಲ್ಲಿ ನಿಮ್ಮ ಕೈಯಲ್ಲಿ" ಎಂದುಬಿಟ್ಟೆ. ಆ ಕಡೆ ಅವರು ಸಂತೋಷದಲ್ಲಿ "ಒಳ್ಳೇದಾಯ್ತು ಬುಡಿ" ಎಂದು ಎರಡೆರಡು ಸಲ ಹೇಳಿದರು. ಅಷ್ಟು ಚೆನ್ನಾಗಿ ಮಾಡಿದ್ದೆ ಎಂದು ನನಗೂ ಸಂತೋಷವಾಯಿತು. ನೋಡಿ, ದಡ್ಡತನ ಇಂಥ ಹೊತ್ತಿನಲ್ಲಿ ಎಷ್ಟು ಖುಷಿಯಾಗಿರುತ್ತದೆ.

ಮರುದಿನ ಹನ್ನೊಂದರ ಹೊತ್ತಿಗೆ ಚಿಕ್ಕತಾಯಕ್ಕನ ಮೇಜಿನ ಬಳಿ ಬಟ್ಟೆ ಕೊಡಲು ಬಂದ ಮೂರು ನಾಲ್ಕು ಜನ ನಿಂತಿದ್ದರು. ಜನ ಕಂಡರೆ ನನ್ನ ಬಾಯಿ ನಿಲ್ಲುವುದಿಲ್ಲ. ಮಾದೇಗೌಡರ ದನಿ ಮೂರು ದಿನದಿಂದ ಕಿವಿಯಲ್ಲಿ ಕೂತಿತ್ತು, ಹೊರಗೆ ಬಂದೇ ಬಂತು. ಎದೆ ಸೆಟೆಸಿ, ಒಂದು ಕೈ ಸೊಂಟಕ್ಕೆ ಕೊಟ್ಟು ಶುರುಮಾಡಿದೆ.

"ನಮ್ಮನೇಲಿ ಯಾವ್ ಕಾಗ್ದಕ್ಕೂ ಬೂಸ್ಟಿಲ್ಲ ಕಣಮ್ಮೋ! ರೇಸನ್ ಕಾರ್ಡ್ಗೆ ಪ್ಲಾಸ್ಟಿಕ್ ಆಕ್ಸಿವ್ನಿ, ಕರೆಂಟ್ ಬಿಲ್ಗೆ ಆಕ್ಸಿವ್ನಿ, ಲಗ್ನಪತ್ರಿಕೆಗೂ ಆಕ್ಸಿವ್ನಿ! ಮಗಳ ಸರ್ಟಿಪಿಕೇಟ್ಗೆ ಮಾತ್ರ ಎಂಥಾದ್ದು ಗೊತ್ತಾ? ಡಬ್ಬಲ್ ದಪ್ಪ! ಯಾವ್ ದೇಸದ ದೊರೆ ಬಂದ್ರೂ ಅದರ್ ಮ್ಯಾಲೆ ಸೀಲು ಒತ್ತಕ್ಕಾಗಾಕಿಲ್ಲ! ಮಗಳೂ ಎಲ್ಗೂ ವೋಗಂಗಿಲ್ಲ, ಬೀರುನಲ್ಲೇ ಬೆಚ್ಗೆ ಇರ್ತಾಳೆ!"

ಎಲ್ಲರೂ ನಕ್ಕರು. ಚಿಕ್ಕತಾಯಕ್ಕ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ತಿರುಗಿದೆ. ಹೆಗಲ ಮೇಲೆ ದೊಡ್ಡ ಹಲಸಿನ ಹಣ್ಣು ಹೊತ್ತ, ಬಿಳಿ ಮೀಸೆಯ, ಎದೆ ಸೆಟೆಸಿದ ಮನುಷ್ಯ. ದೆಹಲಿಗೆ ಕಾಗದ ಕಳಿಸಿದ ಸಾಹೇಬರಿಗೆ ಕೊಡಲು ಎರಡು ಬಸ್ಸು ಬದಲಿಸಿ ಹೊತ್ತು ತಂದಿದ್ದ ಹಣ್ಣು ಅದು.

ಅವರು ಹಣ್ಣನ್ನು ಇಳಿಸಿದರು. ಬಹಳ ನಿಧಾನವಾಗಿ, ನೆಲಕ್ಕೆ ನೋವಾಗದ ಹಾಗೆ.

"ಬೀರುನಲ್ ಅದಾ?" ಎಂದರು.

ಹೌದೆಂದು ತಲೆ ಆಡಿಸಿದೆ.

"ದಿಲ್ಲಿಗ್ ವೋಗಿಲ್ವಾ?"

"ಇಲ್ಲ ಗೌಡ್ರೇ."

"ನಾನ್ ಆಕ್ಸಿದ್ ಪ್ಲಾಸ್ಟಿಕ್ಕಿಂದ?"

ಹಣ್ಣು ಹೊತ್ತು ಅವರನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಕೋಣೆಯಲ್ಲಿ ಅವರೆದುರೇ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ಫೋನಿನ ಸಂಗತಿಯನ್ನೂ ಸೇರಿಸಿ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. "ನನ್ನ ರುಜು ನಿಜ ಅಂತ ಎಷ್ಟು ಕಚೇರಿ ನಂಬ್ತವೆ ಸಿದ್ದರಾಜು," ಎಂದರು. "ನನ್ನ ದನಿ ನಿಜ ಅಂತ ಇವರು ನಂಬಿದ್ರು." ಅಷ್ಟೇ. ಹದಿಮೂರು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ, ಅದರಲ್ಲೂ ದನಿ ಏರಿರಲಿಲ್ಲ. ಅದಕ್ಕಿಂತ ಎರಡು ಬಿಗಿದಿದ್ದರೆ ಚೆನ್ನಾಗಿತ್ತು.

ಸಾಹೇಬರು ಫೋನು ಮಾಡಿದ ಮೇಲೆ ಪವಿತ್ರ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿಬಂದಳು. ಬಂದವಳೇ ಅಪ್ಪನ ಮುಖ ನೋಡಿ ಎಲ್ಲ ಅರ್ಥಮಾಡಿಕೊಂಡಳು.

"ಹೇಳ್ಬೇಡಿ ಅಂದಿದ್ದು ನಾನೇ ಅಪ್ಪ. ಇವರನ್ನ ಬೈಬೇಡಿ."

"ಬಯ್ಯಾದ್ ಇರ್ಲಿ ಬುಡವ್ವ," ಎಂದರು ಮಾದೇಗೌಡರು. "ಆ ಕಾಗ್ದ ಎಲ್ಲದೆ, ಕ್ವಡಿ ಇತ್ಲಾಗೆ."

ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಹೆಬ್ಬೆರಳ ಉಗುರು ಆಡಿಸಿದರು. ಮೂಲೆಯನ್ನು ಕಿವಿಯ ಹತ್ತಿರ ತಂದು ಮೆಲ್ಲಗೆ ಬಗ್ಗಿಸಿ ಕೇಳಿದರು. ಅವರ ಮುಖ ಬದಲಾಯಿತು. ಎರಡು ಬಸ್ಸು ಹತ್ತಿ ಬಂದ ಅಪ್ಪ ಹೋಗಿ ಬೇರೆ ಯಾರೋ ಬಂದು ಕೂತ ಹಾಗಿತ್ತು.

"ಸಾಹೇಬ್ರೇ, ನಾನು ಕೇಂದ್ರದಲ್ಲಿ ಏನ್ ಕೆಲ್ಸ ಮಾಡ್ತಿದ್ದೆ ಗೊತ್ತಾ? ಸುಟ್ಟೋದ ಕಾಯಿಲ್ ಬಿಚ್ಚಿ ತಿರ್ಗ ಕಟ್ಟೋದು. ತಾಮ್ರದ ತಂತಿ ಮ್ಯಾಲೆ ಸುತ್ತಿರೋ ಪಟ್ಟೀನ ಕಾವು ಕೊಟ್ಟು ಬುಡ್ಸಬೇಕು. ತಂತಿಗೆ ಒಂದ್ ಗೀರೂ ಬೀಳಂಗಿಲ್ಲ. ಇಪ್ಪತ್ತೆಂಟು ವರ್ಸ ಅದೇ ಮಾಡಿವ್ನಿ. ಅಂಟ್ಸಿದ್ ನಾನೇ ಬುಡ್ಸ್ತೀನಿ. ಏನವ್ವಾ, ನಿನ್ ಕಾಗ್ದ. ಏನಂತೀಯೆ ನೀನು?"

ಪವಿತ್ರ ಎರಡನೇ ಸಲ ಯೋಚಿಸಲಿಲ್ಲ. "ನೀವು ಬಿಟ್ರೆ ಬೇರೆ ಯಾರೂ ಮುಟ್ಟೋದು ಬೇಡ" ಎಂದಳು.

ಆದರೆ ಮಾದೇಗೌಡರು ಕಾಗದದ ಮೇಲೆ ಹಿಂದೆಂದೂ ಇದನ್ನು ಮಾಡಿರಲಿಲ್ಲ. "ಮೊದ್ಲು ಒಂದ್ ಬ್ಯಾರೆದ್ರ ಮ್ಯಾಲೆ ನೋಡಣ. ಪ್ಲಾಸ್ಟಿಕ್ ಆಕಿರದು ಯಾವ್ದಾರ ಅದಾ?" ಎಂದರು. ಎಲ್ಲರೂ ಸುತ್ತ ನೋಡಿದರು. ನಾನು ಸುಮ್ಮನೆ ಎದ್ದು ನನ್ನ ಮೇಜಿನ ಖಾನೆಯಿಂದ ನನ್ನ ಪಿಯುಸಿ ಅಂಕಪಟ್ಟಿ ತೆಗೆದುಕೊಟ್ಟೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅಂಕಪಟ್ಟಿಗೂ ಲ್ಯಾಮಿನೇಷನ್. ಕೆಲಸ ಕೆಟ್ಟರೆ ಕೆಡಲಿ, ಅದಕ್ಕಿಂತ ಅಗ್ಗದ ಪ್ರಾಯಶ್ಚಿತ್ತ ನನಗೆ ಹೊಳೆಯಲಿಲ್ಲ.

ಮಾದೇಗೌಡರು ಅದರ ಮೇಲೆ ಕಣ್ಣಾಡಿಸಿ, "ಇಂಗ್ಲೀಸಲ್ಲಿ ಮೂವತ್ತೈದಾ?" ಎಂದರು.

"ಹೂಂ ಗೌಡ್ರೇ."

"ಅಂಗಾದ್ರೆ ಅಳಿಸೋದ್ರೂ ಪರವಾಗಿಲ್ಲ ಬುಡು."

ಇಸ್ತ್ರಿ ಪೆಟ್ಟಿಗೆ ಹಿಡಿದು ಮೇಲೆ ಬಂದಿದ್ದ ಚಿಕ್ಕತಾಯಕ್ಕ ನಗುತ್ತಲೇ ಅದರ ಇದ್ದಿಲು ಕೆದಕಿದಳು. ಈಗ ಅವಳಿಗೂ ಧೈರ್ಯ ಬಂದಿತ್ತು. ಹಣೆಯಷ್ಟು ಬಿಸಿಯೋ ಹಾಲಿನಷ್ಟು ಬಿಸಿಯೋ ಎಂದು ಇಬ್ಬರೂ ಚರ್ಚೆ ಮಾಡಿ ಒಂದು ಕಾವಿಗೆ ಒಪ್ಪಿಕೊಂಡರು. ಮಾದೇಗೌಡರು ಕತ್ತರಿಯಲ್ಲಿ ಸುತ್ತಲಿನ ಅಂಟು ಅಂಚು ಕತ್ತರಿಸಿದರು. ಮೂಲೆಯಲ್ಲಿದ್ದ ಕಸದ ಬುಟ್ಟಿಯ ಬಿದಿರಿನಿಂದ ತೆಳ್ಳನೆಯ ಸೀಳು ಮಾಡಿಕೊಂಡರು. ಬಟ್ಟೆ ಹಾಸಿ, ಬೆನ್ನಿನ ಮೇಲೆ ಕಾವು ಕೊಟ್ಟು, ಮೂಲೆ ಎಬ್ಬಿಸಿ, ಪ್ಲಾಸ್ಟಿಕ್ಕನ್ನು ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿಕೊಂಡು ಕಾಗದಕ್ಕೆ ಒತ್ತಿದ ಹಾಗೇ ಎಳೆದರು. ನನ್ನ ಬಡ ಅಂಕಪಟ್ಟಿಯ ಬೆನ್ನು ಒಂದು ಎಳೆಯೂ ಏಳದೆ ಬಿಳಿಯಾಗಿ ಹೊರಬಂತು.

ಆಮೇಲೆ ಪವಿತ್ರಳದು. ಮಾದೇಗೌಡರು ಅಂಚು ಕತ್ತರಿಸಿದರು. ಬಿದಿರು ಹಿಡಿದರು. ಕೈ ನಿಂತುಬಿಟ್ಟಿತು.

"ಯಾಕಪ್ಪ?" ಎಂದಳು ಮಗಳು.

"ಕೆಲ್ಸ ಮಾಡ್ವಾಗ ನಾನು ಮಾತಾಡ್ಕೊಂಡೇ ಮಾಡೋನು ಕಣವ್ವ. ನನ್ ಕೈಗೆ ನಾನೇ ಏಳ್ಕೊಡ್ಬೇಕು. ಇವತ್ತು ಬಾಯೇ ಬತ್ತಿಲ್ಲ." ನನ್ನ ಕಡೆ ತಿರುಗಿದರು. "ಏಯ್, ನೀನ್ ಬಾ ಇಲ್ಲಿ. ಆಗ ಕೆಳುಗ್ಡೆ ಮಾಡ್ದಲ್ಲ, ಅದೇ ದನೀಲಿ ಮಾತಾಡು. ನನ್ನಂಗೇ ಇತ್ತು."

"ಗೌಡ್ರೇ, ಅದು ತಪ್ಪಾಯ್ತು—"

"ತಪ್ಪು ಸರಿ ಆಮ್ಯಾಕೆ ನೋಡಣ. ಈಗ ಮಾತಾಡ್ಲಾ."

ನಾನು ಸಾವಿರಾರು ಜನರೆದುರು ಮಿಮಿಕ್ರಿ ಮಾಡಿದ್ದೇನೆ. ಅವತ್ತು ನಾಲ್ಕು ಜನರೆದುರು ಶುರುಮಾಡಲು ಮೂರು ಸಲ ಕೆಮ್ಮಬೇಕಾಯಿತು. ಎದೆ ಸೆಟೆಸಿದೆ. ಆ ದನಿ ಹಿಡಿದೆ.

"ನಿದಾನ ಕಣ್ಲಾ ಮಾದೇಗೌಡ. ಕಾವು ಬರ್ಲಿ. ಅಕ್ಕೋ, ಪೆಟ್ಗೆ ಎತ್ತು, ಸಾಕು. ಆ, ಮೂಲೆ ಎದ್ತು. ಆತ್ರ ಬ್ಯಾಡ. ತಂತಿಗೆ ಗೀರು ಬೀಳಬಾರ್ದು, ಇದು ಮಗಳ ತಂತಿ. ಇಂದಕ್ ಮಡುಸ್ಕೊ. ಒತ್ಕೊಂಡೇ ಎಳಿ. ಬಿಗಿ ಅನ್ನುಸ್ತಾ? ನಿಲ್ಲು. ವಸಿ ಕಾವು ಕ್ವಡಕ್ಕೋ. ಈಗ ವೋಗು. ಅಂಗೇ ವೋಗು…"

ಅವರ ಬೆರಳುಗಳು ನನ್ನ ಬಾಯಿಯ ಹಿಂದೆಯೇ ಸರಿದವು. ಸ್ವಲ್ಪ ಹೊತ್ತಾದ ಮೇಲೆ ನಾನು ಅವರ ಬೆರಳು ನೋಡಿಕೊಂಡು ಮಾತಾಡುತ್ತಿದ್ದೇನೋ, ಅವರು ನನ್ನ ಮಾತು ಕೇಳಿಕೊಂಡು ಕೈ ಆಡಿಸುತ್ತಿದ್ದಾರೋ ನನಗೇ ತಿಳಿಯದಾಯಿತು. ನಡುವೆ ವಿಶ್ವವಿದ್ಯಾಲಯದ ಉಬ್ಬು ಮುದ್ರೆ ಇದ್ದ ಜಾಗದಲ್ಲಿ ಪ್ಲಾಸ್ಟಿಕ್ ಕಚ್ಚಿಕೊಂಡಿತು. ಕಾಗದದ ಒಂದು ಎಳೆ ಎದ್ದು ನಿಂತಿತು. ಪವಿತ್ರ ಕಣ್ಣು ಮುಚ್ಚಿದಳು. ನನ್ನ ಮಾತು ನಿಂತಿತು. ಆಗ ಆ ದನಿ ನನ್ನ ಬಾಯಿಂದಲ್ಲ, ಮಾದೇಗೌಡರ ಬಾಯಿಂದಲೇ ಬಂತು.

"ಎದ್ರಬ್ಯಾಡ ಕಣ್ಲಾ. ಈ ಕಡೆಯಿಂದ ಬಿಟ್ಟು ಆ ಕಡೆಯಿಂದ ಬತ್ತೀನಿ."

ಎದುರು ಮೂಲೆಯಿಂದ ಶುರುಮಾಡಿ, ಉಬ್ಬು ಮುದ್ರೆಯ ಸುತ್ತ ಬಿದಿರು ಆಡಿಸುತ್ತ, ಅಂಗೈ ಅಗಲದ ಜಾಗವನ್ನು ಅಕ್ಕಿ ಕಾಳಿನಷ್ಟಷ್ಟೇ ಬಿಡಿಸಿಕೊಂಡು ಬಂದರು. ಕೊನೆಗೆ ಪ್ಲಾಸ್ಟಿಕ್ ಇಡಿಯಾಗಿ ಅವರ ಕೈಗೆ ಬಂತು. ಮೇಜಿನ ಮೇಲೆ ಉಳಿದದ್ದು ಬಿಳಿ ಬೆನ್ನು. ಒಂದು ಕಡೆ ಉಗುರಿನಷ್ಟು ಜಾಗ ತರಿತರಿಯಾಗಿತ್ತು, ತೂತಿರಲಿಲ್ಲ. ಸಾಹೇಬರು ಬೆಳಕಿಗೆ ಹಿಡಿದು ನೋಡಿ, ಅನುವಾದಕನ ಗತ್ತಿನಲ್ಲಿ, "ಬೆನ್ನಿನ ಮೇಲೆ ಸಣ್ಣ ತರಚು. ಬರಹಕ್ಕೆ ಅಡ್ಡಿಯಿಲ್ಲ" ಎಂದರು.

ಚಿಕ್ಕತಾಯಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹಲಸಿನ ಹಣ್ಣಿನ ಕಡೆ ನೋಡಿ, "ಇದನ್ನೂ ಬುಡ್ಸೋರು ಯಾರಾರ ಅವ್ರಾ?" ಎಂದಳು.

ಅವತ್ತು ಮಧ್ಯಾಹ್ನವೇ ಸರ್ಟಿಫಿಕೇಟು ಹೊರಟಿತು. ಬೆಂಗಳೂರಿಗೆ ನಾನೇ ಕೈಯಲ್ಲಿ ಹಿಡಿದುಕೊಂಡು ಹೋದೆ, ಬಸ್ಸಿನಲ್ಲಿ ಒಂದು ಸಲವೂ ನಿದ್ದೆ ಮಾಡಲಿಲ್ಲ, ಯಾರನ್ನೂ ಅಣಕಿಸಲೂ ಇಲ್ಲ. ತಿಂಗಳು ಮುಗಿಯಲು ಎರಡು ದಿನ ಇರುವಾಗ ಎಲ್ಲ ಮುದ್ರೆ ಹೊತ್ತು ವಾಪಸು ಬಂತು. ಮಾದೇಗೌಡರು ಮತ್ತೆ ಎರಡು ಬಸ್ಸು ಬದಲಿಸಿ ಬಂದರು. ಮುಂಭಾಗ ನೋಡಲೇ ಇಲ್ಲ. ಬೆನ್ನು ತಿರುಗಿಸಿ ಒಂದೊಂದೇ ಮುದ್ರೆಯ ಮೇಲೆ ಬೆರಳಿಟ್ಟು, "ಇದ್ಯಾವ್ದು? ಇದ್ಯಾವ್ದು?" ಎಂದು ಕೇಳಿ ತಿಳಿದುಕೊಂಡರು. ಪವಿತ್ರ ಈಗ ಕುವೈತಿನಲ್ಲಿ ಮಕ್ಕಳ ವಾರ್ಡಿನಲ್ಲಿದ್ದಾಳೆ. ಅವಳು ಹೋದ ಮೇಲೂ ಅವರಪ್ಪ ಸಂಜೆ ಐದಕ್ಕೆ ಅಂಗಡಿಗೆ ಆಗಾಗ ಫೋನು ಮಾಡುತ್ತಿದ್ದರು. ನಾನು ಎತ್ತಿದಾಗ ಮೊದಲು ಕೇಳುತ್ತಿದ್ದುದು, "ಯಾರ್ ದನಿ ಇದು, ನಿಂದೇನಾ?"

ಅಂದಿನಿಂದ ನಾನು ಸಾಹೇಬರ ದನಿಯಲ್ಲಿ ಫೋನು ಎತ್ತಿಲ್ಲ. ವೇದಿಕೆಯ ಮೇಲೆ ಮಾಡುತ್ತೇನೆ, ಅಲ್ಲಿ ಇದು ಸಿದ್ದರಾಜು ಎಂದು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಅಂಗಡಿಗೆ ಲ್ಯಾಮಿನೇಷನ್ ಕಾಗದ ಬಂದಾಗಲೆಲ್ಲ ಶಿವನಸಮುದ್ರಕ್ಕೆ ಹೇಳಿಕಳಿಸುತ್ತಿದ್ದೆವು. ಅವರು ಮಾತಾಡಿಕೊಂಡೇ ಬಿಡಿಸುತ್ತಿದ್ದರು, ಬೆನ್ನಷ್ಟೇ. ಹೊಸಬರೇ, ಅವರ ನಂಬರು ಬೀರುವಿನ ಬಾಗಿಲ ಒಳಗೆ ಬರೆದಿದೆ. ಫೋನು ಮಾಡಿದಾಗ ನಿಮ್ಮ ದನಿಯಲ್ಲೇ ಮಾತಾಡಿ.

ಇನ್ನು ಬೀಳ್ಕೊಡುಗೆಯ ದಿನದ ಆ ವಸ್ತು. ಸಾಹೇಬರು ನನಗೊಂದು ಅನುಭವ ಪತ್ರ ಬರೆದಿದ್ದರು. ಹದಿಮೂರು ವರ್ಷ ನಂಬಿಕೆಯಿಂದ ಕೆಲಸ ಮಾಡಿದ್ದಾನೆ ಎಂದು ಕನ್ನಡದಲ್ಲಿ, ಪಕ್ಕದಲ್ಲಿ ಅದೇ ಅರಬ್ಬಿಯಲ್ಲಿ. ಅದನ್ನು ತಂದುಕೊಟ್ಟವರು ಮಾದೇಗೌಡರು. ಕೈಗೆ ತೆಗೆದುಕೊಂಡರೆ ಭಾರ. ಮೇಜಿನ ಮೇಲಿಟ್ಟರೆ ಟಕ್ ಎಂದಿತು. ಹಿಂದೆ ಮುಂದೆ ಎರಡೂ ಕಡೆ ಡಬ್ಬಲ್ ದಪ್ಪ.

"ಗೌಡ್ರೇ, ಇದ್ರ ಮೇಲೆ ಇನ್ನು ಯಾವ ಸೀಲೂ ಬೀಳಲ್ವಲ್ಲ" ಎಂದೆ.

"ನಿಂಗ್ಯಾಕ್ಲಾ ಸೀಲು?" ಎಂದರು. "ನಿನ್ನ ನಾವು ಎಲ್ಗೂ ಕಳ್ಸದಿಲ್ಲ."